ಅಮ್ಮಾಜಿಯ ಅಂಗುಳದ ತಿರುಪು

ಚಿಂತಾಮಣಿ
೧೮-೬-೧೯೬೭

ಪ್ರೀತಿಯ ಓಬಳಕ್ಕನಿಗೆ ತಂಗಿ ಆಂಜಿನಮ್ಮನ ನಮಸ್ಕಾರ.

ನೀನು ನಮ್ಮ ಮನೆಯಿಂದ ಗೌರಿಬಿದನೂರಿಗೆ ಹೊರಟು ತಿಂಗಳಾಗುತ್ತ ಬಂತು. ಊರು ಸೇರಿ ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ. ಸ್ಕೂಲು ಶುರುವಾಗಿದೆ. ನನಗೆ ಈ ವರ್ಷ ಐದನೇ ಕ್ಲಾಸು, ಅರವತ್ತು ಮಕ್ಕಳು. ಅತ್ತೆಯ ಮಂಡಿನೋವು ಹಾಗೇ ಇದೆ.

ಮಗಳ ಬಾಯಿ ಹೇಗಿದೆ ಎಂದು ಕೇಳಿದ್ದೀಯ. ನೀನು ಬರುವ ಮೊದಲು ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಅಮ್ಮಾಜಿಯ ಮೇಲ್ದವಡೆ ಇಕ್ಕಟ್ಟು, ಅದಕ್ಕೇ ಹಲ್ಲುಗಳು ಒಂದರ ಮೇಲೊಂದು ಹತ್ತಿವೆ, ಸರಿಯಾಗಿ ಅಗಿಯಲೂ ಆಗುತ್ತಿಲ್ಲ ಎಂದು ಬೆಂಗಳೂರಿನ ಹಲ್ಲಿನ ಡಾಕ್ಟರು ಅಂಗುಳಕ್ಕೆ ಒಂದು ಸಲಕರಣೆ ಕೂರಿಸಿದರು. ಅದರ ನಡುವೆ ಸಣ್ಣ ತಿರುಪು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾಲು ಸುತ್ತು ತಿರುಗಿಸಿದರೆ ದವಡೆ ಮೆಲ್ಲಗೆ ಅಗಲವಾಗುತ್ತದೆ. "ಹನ್ನೊಂದು ವರ್ಷ, ಎಳೇ ಮೂಳೆ, ಈಗಲೇ ಆಗಬೇಕು. ಮುಂದಿನ ಹಲ್ಲುಗಳ ಮಧ್ಯೆ ಸಂದಿ ಬರುತ್ತೆ, ಹೆದರಬೇಡಿ, ತಾನಾಗಿ ಕೂಡಿಕೊಳ್ಳುತ್ತೆ" ಎಂದಿದ್ದರು.

ಅಷ್ಟರಲ್ಲಿ ಕೋಲಾರದ ಟ್ರೈನಿಂಗು ಬಂತು. ತಿರುಪಿಗೆ ಹಾಕುವ ಕಡ್ಡಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ಹೇಗೆಂದು ತೋರಿಸಿ ಹೋದೆ. "ನೀನು ಹೋಗ್ಬಾ, ನಾನು ಮಾಡ್ತೀನಿ" ಎಂದರು. ಮೂರು ವಾರದಲ್ಲಿ ಆರು ಕಾರ್ಡು ಬಂದವು. ತಪ್ಪದೆ ತಿರುಗಿಸುತ್ತಿದ್ದೇನೆ, ಮಗು ಗೆಲುವಾಗಿದ್ದಾಳೆ ಎಂದು ಎಲ್ಲದರಲ್ಲೂ. ಅವನ್ನು ಹಾಸ್ಟೆಲಿನಲ್ಲಿ ಜೊತೆಯವರಿಗೆ ಓದಿ ಹೇಳಿದ್ದೆ ಅಕ್ಕ. ಪುಣ್ಯವಂತೆ ಎಂದಿದ್ದರು.

ನಾನು ಟ್ರೈನಿಂಗು ಮುಗಿಸಿ ಬಂದು, ನೀನು ಹೊರಟ ಮಾರನೆಯ ದಿನವೇ ಬೆಂಗಳೂರಿಗೆ ಹೋದೆವು. ಡಾಕ್ಟರು ಕನ್ನಡಿ ಹಿಡಿದು ನೋಡಿ, "ಯಾರಮ್ಮ ತಿರುಗಿಸ್ತಿದ್ದವರು? ಇದು ನಾಲ್ಕು ದಿನದ ಮೇಲೆ ತಿರುಗೇ ಇಲ್ಲ" ಎಂದರು. ಇವರು ತಲೆ ತಗ್ಗಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ.

"ಸಂದಿ ಬಂತು, ಅಳ್ತಿದ್ಲು. ಅಮ್ಮಾನೂ ಬೈದ್ರು. ನನ್ ಕೈಲಾಗ್ಲಿಲ್ಲ ಕಣೇ."

"ಆಗ್ಲಿಲ್ಲ ಅಂತ ಬರೀಬೋದಿತ್ತಲ್ಲ?"

"ಬರೆದಿದ್ರೆ ನೀನು ಟ್ರೈನಿಂಗ್ ಬಿಟ್ಟು ಓಡಿ ಬರ್ತಿದ್ದೆ."

ಮಗುವಿನ ನೋವು ನೋಡಲಾಗದ್ದು ನನಗೂ ಅರ್ಥವಾಗುತ್ತದೆ. ಆದರೆ ಆರು ಸಲ ಕೂತು, ಪೆನ್ನು ಹಿಡಿದು, ವಿಳಾಸ ಬರೆದು ಸುಳ್ಳು ಕಳಿಸಿದರಲ್ಲ! ನಾನು ಕೋಲಾರದಲ್ಲಿದ್ದಾಗ ನೀನೂ ನಮ್ಮ ಮನೆಯಲ್ಲೇ ಇದ್ದೆ. ನಿನಗೆ ಗೊತ್ತಿತ್ತೇ ಎಂದು ಕೇಳುವುದಿಲ್ಲ.

ಈಗ ನಾನೇ ತಿರುಗಿಸುತ್ತಿದ್ದೇನೆ. ಇವರು ಬ್ಯಾಟರಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಸಂದಿ ಮತ್ತೆ ಬಂದಿದೆ, ಮೇಲಿನ ದವಡೆಹಲ್ಲು ಕೆಳಗಿನದರ ಮೇಲೆ ಕೂರತೊಡಗಿದೆ. ಮೊನ್ನೆ ಮುದ್ದೆಯ ಜೊತೆ ಹುರುಳಿಕಾಳು ಅಗಿದು ತಿಂದಳು.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ನಿನ್ನ ತಂಗಿ,
ಆಂಜಿನಮ್ಮ

ತಾ.ಕ.: ನಿನ್ನೆ ಸಂಜೆ ಅಮ್ಮಾಜಿ ಬಾಯಿ ತೆರೆಯಲಿಲ್ಲ. "ನೋವಾ ಕಂದ?" ಎಂದೆ. "ಇಲ್ಲ. ನನ್ ಬಾಯಿ ಕಂಡ್ರೆ ನಿಂಗೆ ನಾಚ್ಕೆ ಅಂತ ಬರ್ದಿದ್ಯಂತೆ. ದೊಡ್ಡಮ್ಮ ಕಾಗದ ತೋರ್ಸಿದ್ರು" ಎಂದಳು. ಹೋದ ಯುಗಾದಿಗೆ ನೆಂಟರ ಮುಂದೆ ಅವಳನ್ನು ಬಾಯಿ ಮುಚ್ಚಿಕೋ ಎಂದು ಗದರಿಸಿ, ರಾತ್ರಿ ಅತ್ತು, ನಿನಗೊಬ್ಬಳಿಗೇ ಬರೆದ ಕಾಗದ ಅದು. ಅದನ್ನು ಗೌರಿಬಿದನೂರಿನಿಂದ ಚೀಲದಲ್ಲಿಟ್ಟುಕೊಂಡು ತಂದು ಅವಳಿಗೆ ತೋರಿಸಿದೆಯಲ್ಲ ಅಕ್ಕ. ಸುಳ್ಳು ಕಣೇ ಎಂದು ಮಗಳಿಗೆ ಹೇಳೋಣವೆಂದರೆ, ಅವಳು ನನ್ನ ಅಕ್ಷರ ಗುರುತು ಹಿಡಿಯುತ್ತಾಳೆ.