ಎಡಗಾಲಾಗಿರುವ ಕೂರಿಗೆಯನ್ನು ಬಿಚ್ಚಿಕೊಡಿ

ಮಾನ್ಯ ಪರಂಪರೆ ಸಂರಕ್ಷಣಾಧಿಕಾರಿಗಳೇ,

ನಾಲ್ಕು ದಾರಿ ಕೂಡುವಲ್ಲಿ ತಾವು ಹಳೆಯ ಉಪಕರಣಗಳನ್ನು ಜೋಡಿಸಿ ನಿಲ್ಲಿಸಿರುವ ಕಬ್ಬಿಣದ ರೈತನ ಎಡಗಾಲು ನಮ್ಮ ಅಣ್ಣನದು. ಗಾಬರಿಯಾಗಬೇಡಿ, ಅಣ್ಣನ ಕಾಲು ಅಣ್ಣನ ಬಳಿಯೇ ಇದೆ. ಹೋಗಿರುವುದು ಅವನ ಬಿತ್ತುವ ಕೂರಿಗೆ. ಮೋಡ ಕಟ್ಟುತ್ತಿದೆ. ಅದನ್ನು ಕೂಡಲೇ ಬಿಚ್ಚಿಕೊಡಿ.

ತಮ್ಮ ಸಿಬ್ಬಂದಿ "ಬಳಕೆ ತಪ್ಪಿದ ಉಪಕರಣ" ಸಂಗ್ರಹಿಸಲು ಬಂದದ್ದು ನಡುಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಕೂರಿಗೆ ಗೋಡೆಗೆ ಒರಗಿರದೆ ಇನ್ನೇನು, ಹೊಲದಲ್ಲಿ ವಾಕಿಂಗ್ ಹೋಗುತ್ತದೆಯೇ? ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಅಡ್ಡ ನಿಂತರು.

"ತುಕ್ಕು ಹಿಡಿದಿದೆಯಲ್ಲಮ್ಮ," ಎಂದರು ತಮ್ಮವರು.

"ಕೂತು ಕೂತು ನಮ್ಮ ಯಜಮಾನ್ರಿಗೂ ತುಕ್ಕು ಹಿಡಿದಿದೆ. ಅವರನ್ನೂ ಲಾರಿಗೆ ಹಾಕ್ಕೊಳ್ಳಿ!"

ತಮ್ಮವರು ನಕ್ಕರು. ನಗುತ್ತಲೇ ಕೂರಿಗೆ ಎತ್ತಿಕೊಂಡರು.

ಕಲೆಯ ಬಗ್ಗೆ ನನ್ನ ತಕರಾರಿಲ್ಲ. ನೇಗಿಲ ಬೆನ್ನು, ಕುಂಟೆಯ ಪಕ್ಕೆಲುಬು, ಕುಡುಗೋಲಿನ ಹುಬ್ಬು: ನೆಲದ ಪರಂಪರೆ ಎದ್ದು ನಿಂತಂತಿದೆ. ಅವನ ಬೆನ್ನ ಹಿಂದೆ ಉಳದ ಹೊಲಗಳ ನೋಟವೂ ಸೊಗಸು. ಉಳುವ ಸಾಮಾನೆಲ್ಲ ಅವನ ಮೈಮೇಲಿರುವಾಗ ಹೊಲ ಇನ್ನು ಹೇಗಿರಬೇಕು? ಸಂಜೆ ವೀಕ್ಷಕರು ಹೆಚ್ಚುತ್ತಿದ್ದಾರೆಂದು ತಾವು ಪತ್ರಿಕೆಗೆ ಹೇಳಿದಿರಿ. ನಿಜ. ಆದರೆ ಅವರು ನೋಡುವುದೇನನ್ನು, ಗಮನಿಸಿದಿರಾ? ಒಬ್ಬ ಮೊಣಕೈಯನ್ನೇ ನೋಡುತ್ತಾನೆ, ಇನ್ನೊಬ್ಬಳು ಹುಬ್ಬನ್ನೇ. ಅವರವರ ಸಾಮಾನನ್ನು ಅವರವರು ಗುರುತು ಹಿಡಿಯುತ್ತಿದ್ದಾರೆ. ಮೊನ್ನೆಯಿಂದ ಕೆಲವರ ಜೇಬು ಜೋತುಬಿದ್ದಿದೆ. ಸ್ಪ್ಯಾನರಿಗೆ ಭಾರ ಜಾಸ್ತಿ.

ತಮ್ಮ ಕಚೇರಿಗೂ ಅಣ್ಣ ಬಂದಿದ್ದ. "ಎಡಗಾಲು ತೆಗೆದ್ರೆ ಪೂರ್ತಿ ಬೀಳುತ್ತೆ ಕಣ್ರೀ. ಮುಂದಿನ ವರ್ಷ ನೋಡೋಣ," ಎಂಬ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ಕಾಯುವಂತೆ ಮೋಡಕ್ಕೂ ಸುತ್ತೋಲೆ ಕಳಿಸಿದ್ದೀರಾ?

"ಬೀಳ್ಲಿ ಬಿಡು," ಎನ್ನುತ್ತಾನೆ ಅಣ್ಣ ಈಗ.

"ಯಾರ ಮೇಲೆ ಬೀಳುತ್ತೆ ಅಂತ ಯೋಚ್ನೆ ಮಾಡಿದ್ದೀರಾ?" ಎಂದು ಅತ್ತಿಗೆ ಕೇಳಿದರೆ, ಆ ಎಡಗಾಲು ಸೊಂಟಕ್ಕೆ ಸೇರುವಲ್ಲಿನ ಬೋಲ್ಟಿಗೆ ಬಿಡಲು ಎಣ್ಣೆ ಹುಡುಕುತ್ತಾನೆ. ಕಟ್ಟೆಯ ಮೇಲೆ ನಿಂತ ಆ ರೈತನ ಸೊಂಟ ನಮ್ಮ ಮನೆಯ ಸೂರಿಗಿಂತ ಎತ್ತರ. ಅತ್ತಿಗೆ ತಮಾಷೆ ಮಾಡುವುದನ್ನು ಬಿಟ್ಟಿದ್ದಾರೆ.

ಬೇಡಿಕೆ ಒಂದೇ: ಕ್ರೇನು ತನ್ನಿ, ಆ ಕಬ್ಬಿಣದವನನ್ನು ಎತ್ತಿ ಹಿಡಿದು ಕಾಲು ಬಿಚ್ಚಿಕೊಡಿ. ಮೊದಲ ಮಳೆಗೆ ಮುಂಚೆ. ನೆಲ ನೆನೆದ ಮೇಲೆ ಅಣ್ಣ ಒಂದು ದಿನವೂ ತಡೆಯುವವನಲ್ಲ. ನಾನು ಬೈದೆ, ಕೈ ಮುಗಿದೆ, ಕೇಳಲಿಲ್ಲ. ಅವನೊಬ್ಬನನ್ನೇ ಕಳಿಸಲು ಮನಸ್ಸು ಬಾರದೆ, ಕೊನೆಗೆ ಮಾತು ಕೊಟ್ಟಿದ್ದೇನೆ.

ಇಂತಿ,
ಕೆಳಗೆ ನಿಂತು ಏಣಿ ಹಿಡಿದುಕೊಳ್ಳಲು ಒಪ್ಪಿರುವ
ಅವನ ತಮ್ಮ