ನೂರರಾಗ ಐವತ್ತು ಮಂದಿ

ತುರ್ವಿಹಾಳ
17-11-2024

ಅನುಗ ನಿಮ್ಮವ್ವನ ಜೈಭೀಮ್.

ನೀ ಮಸ್ಕಿಯಿಂದ ದಿನಾ ಫೋನ್ ಮಾಡಿ ಕೇಳಿದ್ರೂ ‘ಆಮ್ಯಾಲ ಹೇಳ್ತೀನಿ’ ಅಂತ ಇಟ್ಟಬಿಟ್ಟೀನಿ, ಸಿಟ್ಟಾಗಬ್ಯಾಡ. ನಿಮ್ಮಪ್ಪ ಬಾಜೂಕೇ ಕುಂತಿರ್ತಾನ, ಹೆಂಗಸರ ಮಾತು ಅವನ ಮುಂದ ಹೆಂಗ ಆಡ್ಲಿ? ಅದಕ್ಕ ಬರದು ಅಂಚಿಗೆ ಹಾಕಾಕತ್ತೀನಿ. ನಿಮ್ಮ ಸಾಲ್ಯಾಗ ಎಲ್ಲಾರ ಮುಂದ ಬಿಚ್ಚಬ್ಯಾಡ.

ನಾವು ಆರಾಮ ಅದೀವಿ. ನೆಲ್ಲು ಕೊಯ್ಯೋ ಮಷೀನ್ ಬಂದಾವು, ಊರೆಲ್ಲಾ ಧೂಳ. ನಿಮ್ಮಪ್ಪಂದು ಕೆಮ್ಮೂ ನಿಂತಿಲ್ಲ, ಬೀಡೀನೂ ನಿಂತಿಲ್ಲ.

ನೀ ಕೇಳಿದ್ದು ಪಂಪಮ್ಮನ ಸುದ್ದಿ. ಅಮರಗುಂಡಪ್ಪ ಸಾವ್ಕಾರ್ರ ಹೇಣ್ತಿ, ನೀ ಸಣ್ಣಾಕಿದ್ದಾಗ ಮಗಳ ಹಳೇ ಪುಸ್ತಕ ನಿನಗ ಕೊಟ್ಟು ಕಳಿಸ್ತಿದ್ಲಲ್ಲ, ಆಕಿ. ಮುಟ್ಟು ನಿಂತು ಆರು ವರ್ಷದ ಮ್ಯಾಲ ತಿರುಗಿ ರಕ್ತ ಹೋಗಾಕತ್ತಿತ್ತಂತ. ಒಂದು ವರ್ಷದ ಮಟ ಯಾರಿಗೂ ಹೇಳಿಲ್ಲ. ಶ್ರಾವಣದಾಗ ಬಚ್ಚಲದಾಗ ಬಿದ್ದಾಗ ಗೊತ್ತಾತು. ಗರ್ಭಕೋಶದ ಒಳಪದರದ ಕ್ಯಾನ್ಸರ್. ಆಪರೇಷನ್ ಮಾಡಿ ಗರ್ಭಕೋಶ, ಬಾಜೂಕಿನ ಸಣ್ಣ ಸಣ್ಣ ಗಂಟು (ಲಿಂಫ್ ನೋಡ್ ಅಂತಾರ) ತಗದಾರ. ನಾ ಆಶಾ ಕಾರ್ಯಕರ್ತೆ ಅಂತ ದವಾಖಾನಿಗೆ ನನ್ನೂ ಸಂಗಾಟ ಕರಕೊಂಡು ಹೋಗ್ತಿದ್ರು.

ಹೋದ ಮಂಗಳವಾರ ರಿಪೋರ್ಟ್ ಬಂತು. ಆಕಿ ವಯಸ್ಸೆಷ್ಟು, ಗಡ್ಡಿ ಎಂಥಾದ್ದು, ಗರ್ಭಕೋಶದ ಗ್ವಾಡ್ಯಾಗ ಎಷ್ಟು ಆಳ ಇಳದೈತಿ, ಎಲ್ಲಾ ಡಾಕ್ಟರಮ್ಮ ಒಂದೊಂದ ಕಂಪ್ಯೂಟರಿಗೆ ಹಾಕಿದ್ಲು. ತಗದ ಹದಿನೈದು ಗಂಟಿನಾಗ ಎರಡಕ್ಕ ಹಬ್ಬಿತ್ತು. ‘ಇಂಥಾ ನೂರು ಮಂದಿ ಇದ್ರ, ರೇಡಿಯೇಷನ್ ಕರೆಂಟು, ಔಷಧ ಎಲ್ಲಾ ಕೊಟ್ಟ ಮ್ಯಾಲೂ ಐದು ವರ್ಷಕ್ಕ ಐವತ್ತು ಮಂದಿ ಉಳೀತಾರ್ರೀ’ ಅಂದ್ಲು. ಸಾವ್ಕಾರ್ರು ಮ್ಯಾಲಿನ ಫ್ಯಾನ್ ನೋಡಿಕೊಂತ ಕುಂತ್ರು.

ಪಂಪಮ್ಮ ಕೇಳಿದ್ಲು, ‘ಒಡ್ಡು ಒಡದು ನೀರು ಮುಂದಿನ ಹೊಲಕ್ಕ ಹೊಕ್ಕಂಗ ಆತೇನ್ರೀ?’

‘ಹೌದ್ರೀ.’

‘ಹಂಗಾರ ನಾ ಯಾವ ಐವತ್ತರಾಗ ಅದೀನಿ, ಅದನ್ನ ಕೇಳ್ರಿ ಆ ಕಂಪ್ಯೂಟರಿಗೆ.’

ಅದು ಇದಕ್ಕ ಗೊತ್ತಾಗಂಗಿಲ್ಲ ಅಂತ ಡಾಕ್ಟರಮ್ಮ ಅಂದ್ಲು. ‘ಬಿಡ್ರಿ, ನಮ್ಮೂರ ಬುಡಬುಡಿಕ್ಯಾಂವನರ ಪಕ್ಕಾ ಹೇಳ್ತಾನ’ ಅಂದು ಈಕಿ ನಕ್ಕುಬಿಟ್ಲು. ಯವ್ವಾ, ಎಂಥಾ ಗಟ್ಟಿ ಹೆಂಗಸು!

ಮದಲಾ ಬಂದಿದ್ರ ಹೆಂಗಿರ್ತಿತ್ತು ಅಂತ ನಾ ಕೇಳಿದೆ. ಒಳಪದರದಾಗ ಇದ್ದಾಗಲೇ ಸಿಕ್ಕಿದ್ರ ನೂರರಾಗ ತೊಂಬತ್ತಕ್ಕೂ ಹೆಚ್ಚು ಮಂದಿ ಅಂದ್ಲು. ಯಾಕರ ಕೇಳಿದ್ನೋ.

ಸೋಮವಾರದಿಂದ ಕರೆಂಟ್ ಕೊಡಾಕ ಸುರು ಮಾಡ್ತಾರ. ಈಗ ದಿನಾ ನನಗ ಹೇಳಿ ಕಳಿಸ್ತಾಳ, ಬಾಜೂಕ ಮಂಚದ ಮ್ಯಾಲ ಕುಂಡ್ರಿಸ್ಕೊಂತಾಳ. ‘ನೀ ಇರದಿದ್ರ ನಾ ಇಷ್ಟೊತ್ತಿಗೆ ಹೋಗಿಬಿಡ್ತಿದ್ದೆ ಗಾಳೆಮ್ಮ’ ಅಂತಾಳ. ನನಗ ಅಲ್ಲಿ ಕುಂಡ್ರಾಕ ಆಗವಲ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಾಗ ಕಲಿಯೋ ಹುಡುಗರು ಶ್ಯಾಣ್ಯಾರಾಗ್ಲಿ, ನೀ ತಣ್ಣಗಿರು.

ನಿಮ್ಮವ್ವ,
ಗಾಳೆಮ್ಮ

ತಾ.ಕ.: ಒಂದು ಮಾತು ಬಿಟ್ಟೀನಿ. ಮೂವತ್ತು ದಾಟಿದವರ ಮನಿ ಮನಿಗೆ ಹೋಗಿ ನಾವು ತುಂಬೋ ಫಾರಂದಾಗ ‘ಮುಟ್ಟು ನಿಂತ ಮ್ಯಾಲ ರಕ್ತ ಹೋಗತೈತೇನು’ ಅಂತ ಒಂದು ಪ್ರಶ್ನೆ ಐತಿ. ಹೋದ ವರ್ಷ ದೀಪಾವಳಿ ಮುಂದ ಪಂಪಮ್ಮನ ಮನಿಗೆ ಹೋಗಿದ್ದೆ. ಹೊರಗ ಕಟ್ಟಿ ಮ್ಯಾಲ ಕುಂತೆ. ನಮ್ಮ ಮಂದೀನ ಆಗ ಒಳಗ ಯಾರು ಕರೀತಿದ್ರು? ಸಾವ್ಕಾರ್ರು, ಆಳುಮಕ್ಕಳು ಎಲ್ಲಾ ಅಲ್ಲೇ ಇದ್ರು, ಆಕಿ ತಲಬಾಗಲದಾಗ ನಿಂತಿದ್ಲು. ಬಿಪಿ, ಸಕ್ರಿ ಕೂಗಿ ಕೇಳಿದೆ. ಇದನ್ನ ಹೆಂಗ ಕೂಗ್ಲಿ? ಕೇಳದನ ‘ಇಲ್ಲ’ ಅಂತ ಬರಕೊಂಡು ಬಂದೆ.

ಮಂಗಳವಾರ ಜೀಪಿನಾಗ ಆಕಿ ಅಂದ್ಲು, ‘ಅವತ್ತು ಮತ್ತೇನರ ಕೇಳ್ತಿಯೇನೋ ಅಂತ ನಿಂತೇ ಇದ್ನೆ ಗಾಳೆಮ್ಮ. ನೀ ಕಾಗದ ಮಡಚಿ ಎದ್ದುಬಿಟ್ಟಿ.’ ಫಾರಂದಾಗ ಆ ಪ್ರಶ್ನೆ ಇತ್ತಂತ ಆಕಿಗೆ ಇನ್ನೂ ಗೊತ್ತಿಲ್ಲ. ಹೇಳಾಕ ನನಗ ಧೈರ್ಯ ಆಗಿಲ್ಲ.

ನನ್ನ ಪಾಲಿಗೆ ಇನ್ನೂರಾ ಹದಿನಾಲ್ಕು ಹೆಣ್ಮಕ್ಕಳು ಬರ್ತಾರ, ಅನು. ಎಲ್ಲಾರ ಫಾರಂದಾಗೂ ಆ ಪ್ರಶ್ನೆ ಮುಂದ ‘ಇಲ್ಲ’ ಅಂತೈತಿ. ಒಬ್ಬಾಕಿನ್ನೂ ಕೇಳಿಲ್ಲ.