ಬಾಯಿತೂಕ

ಬೆಟಗೇರಿ, 2191, ಹದಿಮೂರನೆಯ ತಿಂಗಳ ಎರಡನೇ ದಿನ

ಹಿಂದಿನ ಕಾಲದ ಅಕ್ಕತಂಗಿಯರೇ,

ಹದಿಮೂರನೆಯ ತಿಂಗಳು ನಿಮ್ಮಲ್ಲಿಲ್ಲ; ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಮ್ಮ ಆಸ್ಪತ್ರೆಗಳಲ್ಲಿ ತೂಕದ ಯಂತ್ರವಿಲ್ಲ. ದಪ್ಪಗಿರುವ ಹೆಂಗಸರನ್ನು ಅದರ ಮೇಲೆ ನಿಲ್ಲಿಸಿ ಗೇಲಿ ಮಾಡುತ್ತಿದ್ದರೆಂದು ನಿಮ್ಮ ಮೊಮ್ಮಕ್ಕಳು ಕರುಣೆಯಿಂದ ತೆಗೆಸಿದರು. ಈಗ ಕಾನೂನಿನಲ್ಲಿರುವುದು ಬಾಯಿತೂಕ: ಹೆಂಗಸು ಎಷ್ಟು ಹೇಳುತ್ತಾಳೋ ಅಷ್ಟೇ ಅವಳ ತೂಕ. ಬಸ್ಸಿನ ಸೀಟಿಗೂ ಅದೇ, ಅರಿವಳಿಕೆ ಮದ್ದಿಗೂ ಅದೇ. ದರ್ಜಿಗಳು ಮಾತ್ರ ಹೇಳಿದ್ದಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ರವಿಕೆ ಹೊಲಿಯುತ್ತಾರೆ. ಯಾರೂ ಆ ಮಾತೆತ್ತುವುದಿಲ್ಲ.

ಗರ್ಭ ನಿಲ್ಲದಂತೆ ಮರುದಿನ ನುಂಗುವ ತುರ್ತು ಮಾತ್ರೆ ಭಾರದ ಮೈಯಲ್ಲಿ ಸೋಲುವುದು ಹೆಚ್ಚು ಎಂದು ನಿಮ್ಮ ಕಾಲದ ಕರಪತ್ರಗಳಲ್ಲೇ ಓದಿದೆ. ಇಲ್ಲಿನ ದಾದಿಯರು ಅದಕ್ಕೆ ಇನ್ನೊಂದು ಔಷಧ ಜೋಡಿಸಿ, ಎಂಬತ್ತು ಕಿಲೋ ದಾಟಿದವರಲ್ಲಿ ಪರೀಕ್ಷೆ ಆರಂಭಿಸಿದರು. ಕಡಿಮೆ ಹೇಳಿದವರಿಗೆ ಎಂದಿನ ಒಂಟಿ ಮಾತ್ರೆ. ಹೇಳಿದ ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ನನ್ನದು.

ಒಂದು ಬೆಳಿಗ್ಗೆ ನನ್ನ ಅಕ್ಕ ನೀಲಗಂಗವ್ವ ಆ ಮಾತ್ರೆಗೆಂದು ಬಂದಳು. ಎರಡನೇ ಹೆರಿಗೆಯಲ್ಲಿ ಅವಳ ಹೃದಯ ದುರ್ಬಲವಾಗಿತ್ತು. ಇನ್ನೊಂದು ಬಸಿರು ಜೀವಕ್ಕೇ ಅಪಾಯವೆಂದಿದ್ದರು. ಹಿಂದೆ ಓಣಿಯ ಹೆಂಗಸರ ಸಾಲು.

"ಅರವತ್ತೆಂಟು ಬರ್ಕೊ," ಎಂದಳು.

"ಅಕ್ಕಾ, ಖರೆ ಹೇಳ."

"ನಿಮ್ಮಕ್ಕ ಆನಿ ಆಗ್ಯಾಳಂತ ಊರಾಗ ಡಂಗುರಾ ಹೊಡೀಬೇಕಂತಿ ಏನ?"

ಸಾಲು ನಕ್ಕಿತು. ನೂಲಿನ ಗೋದಾಮಿನ ತಕ್ಕಡಿಯ ಮೇಲೆ ಆಟಕ್ಕೆ ನಿಂತಾಗ ಅವಳು ತೊಂಬತ್ತೆಂಟು ತೂಗಿದ್ದನ್ನು ನಾನೇ ನೋಡಿದ್ದೆ. ಆದರೂ ಅರವತ್ತೆಂಟು ಎಂದೇ ಬರೆದೆ. ಕರಪತ್ರ ಓದಿ ಓಣಿಯಲ್ಲಿ ಭಾಷಣ ಮಾಡುವ ನಾನು, ಅಕ್ಕನ ಮಾನ ಕಾಯಲು ಸುಳ್ಳು ಬರೆದೆ.

ಒಂಟಿ ಮಾತ್ರೆ ಸೋತಿತು; ಬಸಿರೆಂದು ತಿಳಿದಾಗ ತೆಗೆಸುವ ಕಾಲ ಮೀರಿತ್ತು. ಈಗ ಏಳು ತಿಂಗಳು. ಮಲಗಿದರೆ ಉಸಿರು ಸಿಗದೆ ದಿಂಬಿಗೊರಗಿ ಕೂತೇ ಇರುತ್ತಾಳೆ. ನಿನ್ನೆ ಪುಸ್ತಕದಲ್ಲಿ ಅವಳ ತೂಕ ತಿದ್ದಿದೆ. ಬಾಯಿತೂಕ ತಿದ್ದುವುದು ಅಪರಾಧವೆಂದು ಪುಸ್ತಕ ಕಸಿದುಕೊಂಡರು. ಪರೀಕ್ಷೆಗೆ ನೂರು ಮಂದಿ ಬೇಕಿತ್ತು, ಬರೆಸಿದವರು ಹನ್ನೊಂದು. ಊರಲ್ಲಿ ಅಷ್ಟು ತೂಕದವರೇ ಇಲ್ಲವೆಂದು ಬರುವ ವಾರ ಮುಚ್ಚುತ್ತಾರೆ. ನಿಜವಾದ ತೂಕ ಬರೆಸಿ ಬನ್ನಿ ಎಂದು ಮನೆಮನೆ ಬಾಗಿಲು ಬಡಿದೆ. ಎಲ್ಲರೂ ಚಹಾ ಕೊಟ್ಟರು, ಯಾರೂ ಬರಲಿಲ್ಲ.

ನಿಮ್ಮ ಆಸ್ಪತ್ರೆಗಳಲ್ಲಿ ಆ ಯಂತ್ರ ಇನ್ನೂ ಇದೆ. ಅದನ್ನು ತೆಗೆಸಬೇಡಿ, ಸುತ್ತ ಪರದೆ ಕಟ್ಟಿಸಿ, ನಗುವವರನ್ನು ಹೊರಗೆ ಕಳಿಸಿ. ಆಮೇಲೆ ಹತ್ತಿ ನಿಂತು, ಇಷ್ಟು ತೂಕದ ಎಷ್ಟು ಹೆಂಗಸರ ಮೇಲೆ ಈ ಮಾತ್ರೆ ಪರೀಕ್ಷಿಸಿದ್ದೀರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಇಳಿಯಬೇಡಿ. ನನ್ನ ಅಕ್ಕನಿಗೆ ಉಳಿದಿರುವುದು ಎರಡು ತಿಂಗಳು. ನಿಮಗೆ ಇನ್ನೂ ನೂರೈವತ್ತು ವರ್ಷಕ್ಕಿಂತ ಹೆಚ್ಚಿದೆ.

ಕಸ್ತೂರೆವ್ವ